ಅಜ್ಜಿಯನ್ನು ರಸ್ತೆ ದಾಟಿಸುವ ಆಟ

ನಮ್ಮ ಶಾಲೆಯ ಗೇಟಿನ ಒಳಗೆ ‘ಅಮ್ಮ’ ಎನ್ನುವ ಹಾಗಿಲ್ಲ. ವಿಜಯನಗರದ ಆ ಶಾಲೆಯಲ್ಲಿ ನಾನು ಹೈಸ್ಕೂಲ್ ಮಕ್ಕಳಿಗೆ ಕಂಪ್ಯೂಟರ್ ಕಲಿಸುತ್ತೇನೆ, ನನ್ನ ಮಗಳು ಅಲ್ಲೇ ಓದುತ್ತಾಳೆ. ಟೀಚರುಗಳ ಮಕ್ಕಳು ಗೇಟು ದಾಟಿದ ಮೇಲೆ ತಾಯಿಯನ್ನು ಎಲ್ಲರಂತೆ ‘ಮಿಸ್’ ಎನ್ನಬೇಕು, ‘ನೀವು’ ಎನ್ನಬೇಕು. ಇದನ್ನು ಯಾರೂ ಎಲ್ಲೂ ಬರೆದಿಟ್ಟಿಲ್ಲ. ಮಗಳು ಚಿಕ್ಕವಳಿದ್ದಾಗ ಒಮ್ಮೆ ಕಾರಿಡಾರಿನಲ್ಲಿ “ಅಮ್ಮಾ, ಪೆನ್ಸಿಲ್ಲು” ಎಂದು ಕೂಗಿದಳು. ನಮ್ಮ ಮುಖ್ಯೋಪಾಧ್ಯಾಯಿನಿ ಕನ್ನಡಕದ ಮೇಲಿನಿಂದ ಒಂದು ನೋಟ ನೋಡಿದರು. ಆ ಒಂದು ನೋಟಕ್ಕೆ ತಾಯಿ ಮಗಳಿಬ್ಬರೂ ಪಾಠ ಕಲಿತೆವು. ಗೋವಿಂದರಾಜನಗರದ ಬಾಡಿಗೆ ಮನೆಯಿಂದ ಶಾಲೆಯವರೆಗೆ ನನ್ನ ಕೈ ಹಿಡಿದು, ಅಮ್ಮ ಅಮ್ಮ ಎಂದು ದಾರಿಯುದ್ದಕ್ಕೂ ತಲೆ ತಿನ್ನುತ್ತಿದ್ದವಳು ಗೇಟು ಬಂದ ಕೂಡಲೇ ಕೈ ಬಿಟ್ಟು, “ಗುಡ್ ಮಾರ್ನಿಂಗ್ ಮಿಸ್” ಎಂದು ಕಣ್ಣು ಮಿಟುಕಿಸಿ ಓಡುತ್ತಿದ್ದಳು. ಆಗ ಅದು ನಮ್ಮಿಬ್ಬರ ತಮಾಷೆಯಾಗಿತ್ತು.

ಒಂಬತ್ತನೇ ಕ್ಲಾಸಿಗೆ ಬರುವಷ್ಟರಲ್ಲಿ ತಮಾಷೆ ಹೋಗಿ ಮಿಸ್ ಮಾತ್ರ ಉಳಿಯಿತು. ಮನೆಯಲ್ಲೂ ಮಿಸ್. ಊಟಕ್ಕೆ ಕೂತಾಗ, “ಮಿಸ್, ಸಾರು ಹಾಕಿ.” ಅವರಪ್ಪ ಇದನ್ನು ಕೇಳಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಅವರಿಗೇನು, ಅವರನ್ನು ಅಪ್ಪ ಎಂದೇ ಕರೆಯುತ್ತಿದ್ದಳು. ಶಾಲೆಗೆ ಈಗ ಗೆಳತಿಯರ ಜೊತೆ ಮುಂಚೆಯೇ ಹೊರಟುಬಿಡುತ್ತಿದ್ದಳು. ನಾನು ಏನು ಕೇಳಿದರೂ ‘ಹೂಂ’, ‘ಏನಿಲ್ಲ’, ‘ಆಮೇಲೆ’. ಇಷ್ಟೇ ಮಾತಿನಲ್ಲಿ ನನ್ನ ಜೊತೆ ಸಂಸಾರ ನಡೆಸುತ್ತಿದ್ದಳು.

ಹಾಗಿರುವಾಗ ಮುಖ್ಯೋಪಾಧ್ಯಾಯಿನಿ ನನ್ನನ್ನು ಕರೆದು, ಜನವರಿಯ ಶಾಲಾ ಪ್ರದರ್ಶನಕ್ಕೆ ಒಂಬತ್ತನೇ ಕ್ಲಾಸಿನವರಿಂದ ಒಂದು ಕೋಡಿಂಗ್ ಪ್ರಾಜೆಕ್ಟ್ ಮಾಡಿಸಲು ಹೇಳಿದರು. ಎಲ್ಲರೂ ಸೇರಿ ಒಂದೇ ಆಟ ಮಾಡಬೇಕು, ಶನಿವಾರ ಕ್ಲಾಸು ಮುಗಿದ ಮೇಲೆ ಲ್ಯಾಬಿನಲ್ಲಿ ಕೂತು. ಬೇರೆ ವರ್ಷವಾಗಿದ್ದರೆ ಬೆನ್ನು ನೋವು, ಅತ್ತೆಗೆ ಹುಷಾರಿಲ್ಲ, ಏನಾದರೊಂದು ಹೇಳಿ ಜಾರಿಕೊಳ್ಳುತ್ತಿದ್ದೆ. ಈ ಸಲ ಮಾತು ಮುಗಿಯುವ ಮೊದಲೇ ಒಪ್ಪಿಕೊಂಡೆ. ಅಲ್ಲಿ ಹೇಳಿದ್ದು ಮಕ್ಕಳ ಸೃಜನಶೀಲತೆ, ಟೀಮ್ ವರ್ಕು ಅಂತ. ಒಳಗಿದ್ದದ್ದು ಒಂದೇ ಆಸೆ: ಶನಿವಾರ ಮಧ್ಯಾಹ್ನ ನನ್ನ ಮಗಳು ನನ್ನ ಪಕ್ಕದಲ್ಲಿ ಕೂರುತ್ತಾಳೆ.

ಆದರೆ ಮುಖ್ಯೋಪಾಧ್ಯಾಯಿನಿ ಇನ್ನೊಂದು ಮಾತು ಸೇರಿಸಿದರು. “ಬರೀ ಕೋಡಿಂಗ್ ಬೇಡ ಮಿಸ್, ಸ್ವಲ್ಪ ಆರ್ಟೂ ಇರ್ಲಿ. ಡ್ರಾಯಿಂಗ್ ಮಿಸ್‌ನೂ ಸೇರಿಸ್ಕೊಳ್ಳಿ.”

ಡ್ರಾಯಿಂಗ್ ಮಿಸ್ ಆ ವರ್ಷ ಹೊಸದಾಗಿ ಬಂದವರು. ಕೆಂಗೇರಿಯಿಂದ ಮೆಟ್ರೋದಲ್ಲಿ ಬರುತ್ತಿದ್ದರು. ನನಗಿಂತ ಎಷ್ಟೋ ಚಿಕ್ಕವರು. ಜಡೆ ಹಾಕಲು ಪುರುಸೊತ್ತಿಲ್ಲದವರಂತೆ ಕೂದಲನ್ನು ಗಂಟು ಕಟ್ಟಿ ಅದಕ್ಕೊಂದು ಪೆನ್ಸಿಲ್ ಸಿಕ್ಕಿಸಿರುತ್ತಿದ್ದರು, ಅದೂ ಅವರಿಗೆ ಚೆನ್ನಾಗಿ ಕಾಣುತ್ತಿತ್ತು. ಮೊದಲ ದಿನವೇ ಎಲ್ಲ ಮಕ್ಕಳ ಎದುರು, “ಅಯ್ಯೋ, ನಂಗೆ ಕಂಪ್ಯೂಟರ್ ಅಂದ್ರೇ ಭಯ ಮೇಡಂ, ನೀವೇ ಕಾಪಾಡ್ಬೇಕು” ಎಂದು ನಕ್ಕರು. ಪಾಪ, ಎನಿಸಿತು. ಆ ಪಾಪ ಎನ್ನುವ ಭಾವನೆ ಹೆಚ್ಚು ಕಾಲ ಬಾಳಲಿಲ್ಲ.

ಏನು ಆಟ ಮಾಡೋಣ ಎಂದಾಗ ಹುಡುಗರು ಬಂದೂಕು, ಭೂತ, ಕ್ರಿಕೆಟ್ಟು ಎಂದು ಕೂಗಾಡಿದರು. ಅದರ ಮಧ್ಯೆ ಬ್ಯಾಡರಹಳ್ಳಿಯಿಂದ ಬರುವ ಹುಡುಗಿಯೊಬ್ಬಳು, ಹಿಂದಿನ ದಿನ ತನ್ನ ಅಜ್ಜಿ ಸೊಪ್ಪು ತರಲು ಹೋಗಿ ಮಾಗಡಿ ರಸ್ತೆ ದಾಟಲಾಗದೆ ವಾಪಸ್ಸು ಬಂದ ಕತೆ ಹೇಳಿದಳು. “ಸೊಪ್ಪು ಆ ಕಡೆ, ನಮ್ಮಜ್ಜಿ ಈ ಕಡೆ ಮಿಸ್. ಸೊಪ್ಪಿನೋನು ಅಲ್ಲಿಂದನೇ ಕೈ ಬೀಸಿ ಟಾಟಾ ಮಾಡಿದ್ನಂತೆ.” ಲ್ಯಾಬು ಬಿದ್ದು ಬಿದ್ದು ನಕ್ಕಿತು. ಆಟ ಅಲ್ಲೇ ಹುಟ್ಟಿತು. ಒಬ್ಬ ಅಜ್ಜಿ ಕೈಚೀಲ ಹಿಡಿದು ಮಾಗಡಿ ರಸ್ತೆ ದಾಟಬೇಕು. ಸಿಟಿ ಬಸ್ಸು, ಆಟೋ, ನೀರಿನ ಟ್ಯಾಂಕರು, ಊಟ ತಲುಪಿಸುವವನ ಸ್ಕೂಟರು, ರಾಂಗ್ ಸೈಡಿನಲ್ಲಿ ಬರುವ ಬೈಕು, ನಡುರಸ್ತೆಯಲ್ಲಿ ಮೆಲುಕು ಹಾಕುವ ಹಸು. ಮಕ್ಕಳು ಇಬ್ಬಿಬ್ಬರಂತೆ ಒಂದೊಂದನ್ನು ಹಂಚಿಕೊಂಡರು. ನನ್ನ ಮಗಳು ಕೈ ಎತ್ತಿ, “ನಾನು ಅಜ್ಜಿ ಮಾಡ್ತೀನಿ ಮಿಸ್” ಎಂದಳು.

ನನಗೆ ಒಳಗೊಳಗೇ ಹಬ್ಬ. ಅಜ್ಜಿ ಎಂದರೆ ಆಟದ ಜೀವ. ಎಲ್ಲ ಗಾಡಿಗಳೂ ಬಂದು ತಾಗುವುದು ಅಜ್ಜಿಗೇ. ನಡೆಯುವುದು, ನಿಲ್ಲುವುದು, ಸೋಲುವುದು, ಗೆಲ್ಲುವುದು, ಕಷ್ಟದ ಕೋಡೆಲ್ಲ ಅವಳದ್ದೇ. ಹೆಜ್ಜೆ ಹೆಜ್ಜೆಗೂ ನನ್ನನ್ನು ಕೇಳದೆ ಗತಿಯಿಲ್ಲ ಎಂದು ಲೆಕ್ಕ ಹಾಕಿದೆ.

ನಮ್ಮ ಲ್ಯಾಬಿನಲ್ಲಿ ಕಂಪ್ಯೂಟರುಗಳು ಕಡಿಮೆ. ಅದಕ್ಕೇ ಒಂದು ಕ್ರಮ ಮಾಡಿದ್ದೆ. ಇಬ್ಬರಲ್ಲಿ ಒಬ್ಬರು ಮೌಸ್ ಹಿಡಿಯಬೇಕು, ಅವರು ಡ್ರೈವರು. ಇನ್ನೊಬ್ಬರು ಕೈ ಕಟ್ಟಿಕೊಂಡು ಪಕ್ಕದಲ್ಲಿ ಕೂತು ದಾರಿ ಹೇಳಬೇಕು, ಅವರು ಕಂಡಕ್ಟರು. ಅರ್ಧದಲ್ಲಿ ಬದಲಾಯಿಸಿಕೊಳ್ಳಬೇಕು. ಕಂಡಕ್ಟರು ಎಷ್ಟು ಬೇಕಾದರೂ ಬಾಯಿ ಮಾಡಬಹುದು, ಮೌಸಿಗೆ ಮಾತ್ರ ಕೈ ಹಾಕುವಂತಿಲ್ಲ. ಮಿಸ್‌ಗಳಿಗೂ ಇದೇ ಕಾನೂನು, ನಾವು ಎಲ್ಲರಿಗೂ ಬರೀ ಕಂಡಕ್ಟರುಗಳು ಎಂದು ನಾನೇ ಘೋಷಿಸಿದ್ದೆ. ಇದನ್ನು ಹೇಳುವಾಗ ನನಗೆ ನನ್ನ ಮೇಲೇ ಹೆಮ್ಮೆ ಬಂದಿತ್ತು.

ಆ ಕ್ಲಾಸಿನಲ್ಲಿ ಮಕ್ಕಳ ಸಂಖ್ಯೆ ಬೆಸ. ಎಲ್ಲರಿಗೂ ಜೊತೆ ಸಿಕ್ಕಿ ನನ್ನ ಮಗಳು ಒಬ್ಬಳೇ ಉಳಿದಳು. ನಾನು ಕುರ್ಚಿ ಎಳೆದುಕೊಂಡು ಅವಳ ಕಡೆ ಹೊರಟಿದ್ದೆ, ಕುರ್ಚಿಯ ಕಾಲು ಯುಪಿಎಸ್ಸಿನ ವೈರಿಗೆ ಸಿಕ್ಕಿಕೊಂಡಿತು. ಬಗ್ಗಿ ಬಿಡಿಸಿ ತಲೆ ಎತ್ತುವಷ್ಟರಲ್ಲಿ ಡ್ರಾಯಿಂಗ್ ಮಿಸ್ ಅಲ್ಲಿ ಕೂತಾಗಿತ್ತು. “ನಾನು ಇವಳ ಜೊತೆ ಕೂರ್ಲಾ ಮೇಡಂ? ನಾನೂ ಒಂಚೂರು ಕಲಿತ ಹಾಗಾಗತ್ತೆ.” ಬೇಡ ಎನ್ನಲು ನನಗೆ ಯಾವ ಕಾರಣವೂ ಹೊಳೆಯಲಿಲ್ಲ. “ಕೂರಿ ಕೂರಿ, ಅದಕ್ಕೇನು” ಎಂದೆ. ಎಳೆದು ತಂದ ಕುರ್ಚಿಯ ಮೇಲೆ ಒಬ್ಬಳೇ ಕೂತೆ.

ಹೊಟ್ಟೆಕಿಚ್ಚು ನನಗೆ ಹೊಸದೇನಲ್ಲ. ನಾದಿನಿಯ ಬಸವೇಶ್ವರನಗರದ ಸ್ವಂತ ಮನೆ, ಎದುರು ಮನೆಯವರ ಬಿಸಿಲು ಬೀಳುವ ಟೆರೇಸು, ಮ್ಯಾಥ್ಸ್ ಮಿಸ್‌ನ ಕಪ್ಪು ಕೂದಲು, ಎಲ್ಲಕ್ಕೂ ಸ್ವಲ್ಪ ಸ್ವಲ್ಪ ಉರಿದುಕೊಂಡವಳೇ ನಾನು. ಆದರೆ ಅದೆಲ್ಲ ಒಂದು ಲೋಟ ಕಾಫಿಗೆ ಆರುವ ಉರಿ. ಇದು ಆರಲಿಲ್ಲ. ಲ್ಯಾಬಿನ ಒಂದು ಮೂಲೆಯಲ್ಲಿ ಟ್ಯಾಂಕರಿನ ಹುಡುಗರಿಗೆ ಏನೋ ಹೇಳಿಕೊಡುತ್ತಿದ್ದರೂ ನನ್ನ ಕಿವಿ ಇನ್ನೊಂದು ಮೂಲೆಯಲ್ಲಿರುತ್ತಿತ್ತು. ಅಲ್ಲಿ ನನ್ನ ಮಗಳು ಮಾತಾಡುತ್ತಿದ್ದಳು. ಮನೆಯಲ್ಲಿ ಬಾಯಿಗೆ ಬೀಗ ಹಾಕಿಕೊಂಡವಳು ಅಲ್ಲಿ ಉಸಿರು ಬಿಡದೆ ಮಾತಾಡುತ್ತಿದ್ದಳು.

ಒಮ್ಮೆ ಹತ್ತಿರ ಹೋದಾಗ ಅವಳು ಡ್ರಾಯಿಂಗ್ ಮಿಸ್‌ಗೆ ವೇರಿಯಬಲ್ ಎಂದರೇನು ಎಂದು ಬಿಡಿಸಿ ಹೇಳುತ್ತಿದ್ದಳು. “ಇದು ಅಡುಗೆಮನೆ ಡಬ್ಬಿ ಇದ್ದಂಗೆ ಮಿಸ್. ಮೇಲೆ ಹೆಸರು ಅಂಟಿಸಿರ್ತೀವಿ, ಒಳಗಿರೋದು ಬದಲಾಗ್ತಾ ಇರತ್ತೆ. ಇದು ಅಜ್ಜಿ ಜೀವದ ಡಬ್ಬಿ. ಬಸ್ಸು ತಾಗಿದ್ರೆ ಒಂದು ಕಮ್ಮಿ.” ಡ್ರಾಯಿಂಗ್ ಮಿಸ್ ಬಾಯಿ ಬಿಟ್ಟುಕೊಂಡು, “ಎಷ್ಟು ಚೆನ್ನಾಗಿ ಹೇಳ್ತೀಯೇ! ಈಗ ಅರ್ಥ ಆಯ್ತು ನೋಡು” ಎಂದರು. ಆ ಡಬ್ಬಿ ನನ್ನದು. ಎಂಟನೇ ಕ್ಲಾಸಿನಲ್ಲಿ ನಾನು ಹೇಳಿದ ಉದಾಹರಣೆ. ಅವತ್ತು ಇವಳು ಕಿಟಕಿಯಾಚೆ ನೋಡುತ್ತಾ ಕೂತಿದ್ದಳು, ಕೇಳಿಸಿಕೊಳ್ಳಲೇ ಇಲ್ಲ ಎಂದು ಮನೆಗೆ ಹೋಗಿ ಬೈದಿದ್ದೆ. ಕೇಳಿಸಿಕೊಂಡಿದ್ದಾಳೆ. ಜೋಪಾನವಾಗಿಟ್ಟುಕೊಂಡಿದ್ದಾಳೆ. ಹೋಗಿ ಹೋಗಿ ಅದನ್ನು ಇವರಿಗೆ ಕೊಡುತ್ತಿದ್ದಾಳೆ.

ಇನ್ನು ಉಪ್ಪಿಟ್ಟಿನ ವಿಷಯ. ಅವರೆಕಾಯಿ ಕಾಲ. ಬೆಳಿಗ್ಗೆ ಎದ್ದು ಅವರೆಕಾಳು ಉಪ್ಪಿಟ್ಟು ಮಾಡಿ ಮಗಳ ಡಬ್ಬಿಗೆ ಹಾಕಿದ್ದೆ. ಮನೆಯಲ್ಲಿ ಅವಳು ಅದನ್ನು ಮೂಸಿಯೂ ನೋಡಿರಲಿಲ್ಲ. ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಡ್ರಾಯಿಂಗ್ ಮಿಸ್, “ನಿಮ್ಮ ಉಪ್ಪಿಟ್ಟು ಸೂಪರ್ ಮೇಡಂ, ಅರ್ಧ ಡಬ್ಬಿ ನಾನೇ ಖಾಲಿ ಮಾಡ್ದೆ. ಇವಳು ತಿನ್ನಿ ತಿನ್ನಿ ಅಂತ ಬಲವಂತ ಮಾಡಿದ್ಲು” ಎಂದರು. ನಾನು ನಕ್ಕೆ, ಹಲ್ಲು ಕಾಣುವ ಹಾಗೆ. ಮುಂದಿನ ಶನಿವಾರ ಡಬ್ಬಿಗೆ ಬರೀ ಮೊಸರನ್ನ ಹಾಕಿದೆ. ಒಗ್ಗರಣೆಯೂ ಇಲ್ಲದ ಮೊಸರನ್ನ. ಅದನ್ನೂ ಇಬ್ಬರೂ ಹಂಚಿಕೊಂಡು ತಿಂದರಂತೆ.

ಲ್ಯಾಬಿಗೆ ಧೂಳು ಬರಬಾರದೆಂದು ಎಲ್ಲರೂ ಹೊರಗೇ ಶೂ ಚಪ್ಪಲಿ ಬಿಡುತ್ತೇವೆ. ಆ ಸಾಲಿನಲ್ಲಿ ಡ್ರಾಯಿಂಗ್ ಮಿಸ್‌ನ ಕೊಲ್ಹಾಪುರಿ ಚಪ್ಪಲಿಯನ್ನು ಒತ್ತಿಕೊಂಡೇ ನನ್ನ ಮಗಳ ಕಪ್ಪು ಶೂ ಇರುತ್ತಿತ್ತು. ಒಮ್ಮೆ ಕಾರಿಡಾರಿನಲ್ಲಿ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ನಾನು ಕಾಲಿನಿಂದ ಶೂವನ್ನು ಆಚೆ ತಳ್ಳಿ ಮಧ್ಯೆ ನನ್ನ ಚಪ್ಪಲಿ ಬಿಟ್ಟೆ. ಈ ವಯಸ್ಸಿನಲ್ಲಿ, ಎಂ.ಸಿ.ಎ. ಓದಿಕೊಂಡವಳು, ನಾನು.

ಇಷ್ಟೆಲ್ಲ ಆದರೂ ಒಳಗಿಟ್ಟುಕೊಂಡೇ ಇದ್ದೆ. ಒಂದು ಶನಿವಾರ ಮಾತ್ರ ಆಗಲಿಲ್ಲ. ಅವತ್ತು ಆಟಕ್ಕೆ ಬೇಕಾದ ಸದ್ದುಗಳನ್ನು ರೆಕಾರ್ಡ್ ಮಾಡುವ ದಿನ. ಬಸ್ಸಿನವರು ಬಾಯಿಯಿಂದ ಏರ್ ಹಾರನ್ ಬಾರಿಸುತ್ತಿದ್ದರು. ಹಸುವಿನವರು ಅಂಬಾ ಎನ್ನುವುದಕ್ಕೆ ನಾಚಿಕೊಂಡು ನೀನು ನೀನು ಎಂದು ತಳ್ಳಾಡುತ್ತಿದ್ದರು. ಒಂದು ಚಿಕ್ಕ ಮೈಕು ಕಂಪ್ಯೂಟರಿನಿಂದ ಕಂಪ್ಯೂಟರಿಗೆ ಸುತ್ತಿ ಕೊನೆಗೆ ಮಗಳ ಮೇಜಿಗೆ ಬಂದಿತ್ತು. ಅವಳ ಪರದೆಯ ಮೇಲೆ ಅಜ್ಜಿ ಫುಟ್‌ಪಾತಿಗೆ ಬಂದರೂ ನಿಲ್ಲದೆ ಪರದೆಯ ಆಚೆಗೆ ನಡೆದುಹೋಗುತ್ತಿದ್ದಳು. ಎಲ್ಲಿ ತಪ್ಪಿದೆ ಎಂದು ನನಗೆ ದೂರದಿಂದಲೇ ಗೊತ್ತಾಯಿತು. ಮಗಳಿಗೆ ಗೊತ್ತಾಗಲಿಲ್ಲ. ಡ್ರಾಯಿಂಗ್ ಮಿಸ್ ಕೈ ಕಟ್ಟಿಕೊಂಡು, “ಅಜ್ಜಿ ಮನಸ್ಸಲ್ಲಿ ಏನಿರಬಹುದು ಹೇಳು, ಯಾಕೆ ನಿಲ್ತಿಲ್ಲ?” ಎಂದು ಕೇಳುತ್ತಿದ್ದರು. ಅಜ್ಜಿಯ ಮನಸ್ಸಂತೆ! ನಾನು ನೋಡಿದೆ, ನೋಡಿದೆ, ತಡೆಯಲಾಗಲಿಲ್ಲ. ಹೋಗಿ, “ಎಷ್ಟು ಸಲ ಹೇಳ್ಬೇಕು ನಿಂಗೆ? ಬಿಡು, ಕೊಡು ಇಲ್ಲಿ, ನಾನೇ ಮಾಡ್ತೀನಿ” ಎಂದು ಮೌಸು ಕಿತ್ತುಕೊಂಡೆ. ಮೌಸಿನಲ್ಲೇ ಕೋಡಿನ ಒಂದು ಬ್ಲಾಕನ್ನು ಎತ್ತಿ ಇನ್ನೊಂದರ ಒಳಗಿಟ್ಟೆ. ಅಜ್ಜಿ ಫುಟ್‌ಪಾತಿನ ಮೇಲೆ ಸರಿಯಾಗಿ ನಿಂತಳು.

ಟ್ಯಾಂಕರಿನ ಹುಡುಗರಿಗೆ ಅದೇ ತಪ್ಪನ್ನು ಅರ್ಧ ಗಂಟೆ ತಾಳ್ಮೆಯಿಂದ ಕಂಡುಹಿಡಿಸಿದ್ದೆ, ಮೌಸು ಮುಟ್ಟದೆ. ಬೇರೆಯವರ ಮಕ್ಕಳು ತಪ್ಪು ಮಾಡಿದರೆ ಅದು ಪಾಠ. ನನ್ನ ಮಗಳು ಮಾಡಿದರೆ ಮಾತ್ರ ಮೈಯೆಲ್ಲ ಪರಪರ ಎನ್ನುತ್ತದೆ, ಏನು ಮಾಡಲಿ? ಮಗಳು ಕುರ್ಚಿಯಿಂದ ಎದ್ದು ನಿಂತು, “ಥ್ಯಾಂಕ್ಸ್ ಮಿಸ್” ಎಂದಳು. ಅಷ್ಟೇ. ಡ್ರಾಯಿಂಗ್ ಮಿಸ್ ಮೇಜಿನ ಮೇಲಿನ ಮೈಕನ್ನು ಸುಮ್ಮನೆ ಆಚೆ ಈಚೆ ಸರಿಸುತ್ತಿದ್ದರು.

ಮುಂದಿನ ವಾರ ಮಗಳ ಮಾನಿಟರು ಗೋಡೆಯ ಕಡೆಗೆ ತಿರುಗಿತ್ತು. “ಅಜ್ಜಿ ಮುಗಿಯೋವರ್ಗೂ ನೀವು ನೋಡೋ ಹಾಗಿಲ್ಲ ಮಿಸ್” ಎಂದಳು. ಡ್ರಾಯಿಂಗ್ ಮಿಸ್ ನೋಡಬಹುದು. ಕಂಪ್ಯೂಟರ್ ಆನ್ ಮಾಡಲು ಗುಂಡಿ ಎಲ್ಲಿದೆ ಎಂದು ಹುಡುಕುವವರು ನೋಡಬಹುದು, ಇಪ್ಪತ್ತು ವರ್ಷದಿಂದ ಇದನ್ನೇ ಕಲಿಸುವವಳು ನೋಡುವಂತಿಲ್ಲ. ಮತ್ತೊಂದು ದಿನ ಇಬ್ಬರೂ ಸ್ಟಾಫ್ ರೂಮಿನ ಬಾಗಿಲು ಹಾಕಿಕೊಂಡು ಏನೋ ರೆಕಾರ್ಡ್ ಮಾಡುತ್ತಿದ್ದರು. ಬಾಗಿಲಾಚೆ ನಿಂತು ಕೇಳಿದೆ. ಹೌದು, ನಿಂತು ಕೇಳಿದೆ. “ಸೂಪರ್ ಕಣೇ, ದಾಟ್ಬಿಟ್ಟೆ!” ಎಂದು ಡ್ರಾಯಿಂಗ್ ಮಿಸ್‌ನ ದನಿ, ಹಿಂದೆಯೇ ಇಬ್ಬರ ನಗು. ಅಜ್ಜಿ ರಸ್ತೆ ದಾಟಿದಾಗ ಗೆದ್ದವರಿಗೆ ಕೇಳಿಸುವ ದನಿ ಅದು ಎಂದು ಗೊತ್ತಾಗಲು ಹೆಚ್ಚು ಬುದ್ಧಿ ಬೇಕಾಗಿರಲಿಲ್ಲ. ಪ್ರತಿದಿನ ಪ್ರಾರ್ಥನೆಯಲ್ಲಿ ಮೈಕ್ ಹಿಡಿದು ಸೂಚನೆ ಓದುವವಳು ನಾನು. ನಿಮ್ಮ ವಾಯ್ಸ್ ಎಷ್ಟು ಕ್ಲಿಯರ್ ಎಂದು ಪೇರೆಂಟ್ಸು ಹೇಳಿದ್ದಾರೆ. ರಾತ್ರಿ ಊಟಕ್ಕೆ ಕೂತಾಗ ತಡೆಯದೆ ಕೇಳಿದೆ.

“ಆಟಕ್ಕೆ ದನಿ ಬೇಕಿದ್ರೆ ನನ್ನ ಕೇಳ್ಬಹುದಿತ್ತಲ್ಲ?”

“ಏನಿಲ್ಲ.”

“ಏನು ಏನಿಲ್ಲ?”

“ಆಮೇಲೆ ಮಿಸ್.”

ಪ್ರದರ್ಶನದ ಹಿಂದಿನ ದಿನ ಎಲ್ಲರ ತುಂಡುಗಳನ್ನೂ ಒಂದಾಗಿ ಜೋಡಿಸಿದೆವು. ಜೋಡಿಸಿ ಆಡಿ ನೋಡಿದರೆ ಅಜ್ಜಿಗೆ ದಾಟಲು ದಾರಿಯೇ ಇಲ್ಲ. ಇಷ್ಟು ದಿನ ಪ್ರತಿ ಜೋಡಿಯೂ ತಮ್ಮ ಗಾಡಿಯನ್ನು ಖಾಲಿ ರಸ್ತೆಯಲ್ಲಿ ಓಡಿಸಿ ನೋಡಿತ್ತು. ಒಂದೇ ಗಾಡಿ ಇದ್ದರೆ ಅಜ್ಜಿ ಸಲೀಸಾಗಿ ದಾಟುತ್ತಾಳೆ, ಮಜಾ ಬರುವುದಿಲ್ಲ. ಅದಕ್ಕೇ ಪ್ರತಿಯೊಬ್ಬರೂ ಯಾರಿಗೂ ಹೇಳದೆ ತಮ್ಮ ಗಾಡಿಯ ವೇಗ ಹೆಚ್ಚಿಸಿಕೊಂಡಿದ್ದರು. ಈಗ ಎಲ್ಲವೂ ಒಟ್ಟಿಗೆ ರಸ್ತೆಗಿಳಿದವು. ಹಸು ಕೂಡ ಆಟೋವನ್ನು ಹಿಂದೆ ಹಾಕಿ ಓಡುತ್ತಿತ್ತು. ಅಜ್ಜಿ ಒಂದು ಹೆಜ್ಜೆ ಇಟ್ಟರೆ ಮುಗಿಯಿತು. ಸದ್ದುಗಳನ್ನು ಇನ್ನೂ ಸೇರಿಸಿರಲಿಲ್ಲ. ಮಗಳು ಅದನ್ನು ಬೆಳಿಗ್ಗೆ ಬಂದು ಸೇರಿಸುತ್ತೇನೆ ಎಂದಿದ್ದಳು.

“ಟ್ಯಾಂಕರ್ ಸ್ಪೀಡ್ ಕಮ್ಮಿ ಮಾಡೋ ಮಗಾ.”

“ನಾನ್ಯಾಕೆ ಮಾಡ್ಲಿ? ನಿನ್ ಬಸ್ಸು ಕಮ್ಮಿ ಮಾಡು ಗುರು.”

“ಲೋ, ಮೊದ್ಲು ಆ ಸ್ಕೂಟರ್ ನೋಡ್ರೋ.”

ಒಬ್ಬರೂ ಬಿಟ್ಟುಕೊಡಲಿಲ್ಲ. ನಿಜವಾದ ಮಾಗಡಿ ರಸ್ತೆಯಲ್ಲಿ ಆಗುವುದೂ ಇದೇ. ನಾನು ಕೂತು ಆ ವೇಗದ ಸಂಖ್ಯೆಗಳನ್ನು ಇಳಿಸಿದ್ದರೆ ಅರೆಕ್ಷಣದ ಕೆಲಸ. ಹೋಗಿ ಕೈ ಚಾಚುವಷ್ಟರಲ್ಲಿ ಮಗಳು ಕಂಪ್ಯೂಟರಿಗೆ ಅಡ್ಡ ನಿಂತಳು. “ಬೇಡ ಮಿಸ್. ಅವರವರ ಗಾಡಿ ಅವರವರೇ ಸರಿ ಮಾಡ್ಬೇಕು. ನೀವೇ ಹೇಳಿದ್ದಲ್ವಾ?” ಡ್ರಾಯಿಂಗ್ ಮಿಸ್ ಹಿಂದಿನಿಂದ, “ಇರ್ಲಿ ಬಿಡಿ ಮೇಡಂ, ಮಕ್ಕಳದ್ದು ಅಲ್ವಾ” ಎಂದರು. ಮನೆಗೆ ಹೋಗುವಾಗ ದಾರಿಯಲ್ಲಿ ಇಬ್ಬರಿಗೂ ಮನಸ್ಸಿನಲ್ಲೇ ಚೆನ್ನಾಗಿ ಬೈದೆ. ನಾಳೆ ಆಟ ಕೆಟ್ಟರೆ ಜನ ಡ್ರಾಯಿಂಗ್ ಚೆನ್ನಾಗಿತ್ತು, ಕಂಪ್ಯೂಟರೇ ಸರಿಯಿರಲಿಲ್ಲ ಎನ್ನುತ್ತಾರೆ, ಅಷ್ಟು ಖಂಡಿತ.

ಮರುದಿನ ಹಾಲ್ ತುಂಬಿತ್ತು. ನಮ್ಮ ಆಟವನ್ನು ವೇದಿಕೆಯ ಬಿಳಿ ಪರದೆಯ ಮೇಲೆ ದೊಡ್ಡದಾಗಿ ಹಾಕಿದ್ದೆವು. ಹಿಂದಿನ ದಿನದ ಗಲಾಟೆಯಲ್ಲಿ ಸರಿಯಾಗಿ ನೋಡದ ಅಜ್ಜಿಯನ್ನು ನಾನು ಪೂರ್ತಿಯಾಗಿ ನೋಡಿದ್ದು ಆಗಲೇ. ಹಸಿರು ಸೀರೆ, ಕೈಯಲ್ಲಿ ಪ್ಲಾಸ್ಟಿಕ್ ಬುಟ್ಟಿ, ಮುಖದಲ್ಲಿ ಯಾರಿಗೂ ಹೆದರದ ಧಿಮಾಕು. ಚೆನ್ನಾಗಿದ್ದಳು, ಹೊಟ್ಟೆಯುರಿಯುವಷ್ಟು ಚೆನ್ನಾಗಿದ್ದಳು. ಮೊದಲು ಆಡಲು ಬಂದವರು ಯಾರದೋ ಅಪ್ಪ. ಮೌಸು ಹಿಡಿದರು, ಅಜ್ಜಿ ರಸ್ತೆಗಿಳಿದಳು, ಬಸ್ಸು ಬಂತು. ಅಜ್ಜಿ ಧೊಪ್ಪನೆ ಕೂತಳು, ಬುಟ್ಟಿ ಉರುಳಿತು. ಸ್ಪೀಕರಿನಿಂದ ಜೋರಾಗಿ ಕೇಳಿಸಿತು:

“ಎಷ್ಟು ಸಲ ಹೇಳ್ಬೇಕು ನಿಂಗೆ? ಬಿಡು, ಕೊಡು ಇಲ್ಲಿ, ನಾನೇ ಮಾಡ್ತೀನಿ!”

ನನ್ನ ದನಿ. ಪ್ರತಿದಿನ ಪ್ರಾರ್ಥನೆಯಲ್ಲಿ ಇಡೀ ಶಾಲೆ ಕೇಳುವ, ಎಷ್ಟು ಕ್ಲಿಯರ್ ಎಂದು ಹೊಗಳಿಸಿಕೊಂಡ ಅದೇ ದನಿ. ಹಾಲ್ ಸೂರು ಹಾರಿಹೋಗುವ ಹಾಗೆ ನಕ್ಕಿತು. ಎಲ್ಲ ತಲೆಗಳೂ ನನ್ನ ಕಡೆ ತಿರುಗಿದವು. ಅವತ್ತು ಮೇಜಿನ ಮೇಲಿದ್ದ ಆ ಮೈಕು ಆನ್ ಆಗಿತ್ತು. ಡ್ರಾಯಿಂಗ್ ಮಿಸ್ ಅದನ್ನು ಆಚೆ ಈಚೆ ಸರಿಸುತ್ತಿದ್ದದ್ದು ಈಗ ಅರ್ಥವಾಯಿತು. ಅವರಿಗೆ ಮೊದಲೇ ಗೊತ್ತಿತ್ತು. ಗೆದ್ದವರಿಗೆ ಅವರ ದನಿ, ಸೋತವರಿಗೆ ನನ್ನ ದನಿ. ನನ್ನ ಮಗಳು ನಮ್ಮಿಬ್ಬರನ್ನು ಹೀಗೆ ಪಾಲು ಮಾಡಿದ್ದಳು. ಮುಖ ಕಾದ ಕಾವಲಿಯಾಯಿತು. ನಗುವ ಪ್ರಯತ್ನ ಮಾಡುತ್ತಾ ನಿಂತೆ.

ಎರಡನೆಯವರು ಸೋತರು. ಮೂರನೆಯವರೂ ಸೋತರು. ಆ ರಸ್ತೆಯನ್ನು ದಾಟಲು ಯಾರಿಂದ ಸಾಧ್ಯ? ಸಾಲು ಉದ್ದವಾಗುತ್ತಾ ಹೋಯಿತು. ನಾಲ್ಕನೇ ಕ್ಲಾಸಿನ ಪುಟಾಣಿಗಳು ಬೇಕೆಂದೇ ಅಜ್ಜಿಯನ್ನು ಬಸ್ಸಿನ ಮುಂದೆ ನಿಲ್ಲಿಸಿ, ಸ್ಪೀಕರಿನ ಜೊತೆ ಸೇರಿ “ಕೊಡು ಇಲ್ಲಿ, ನಾನೇ ಮಾಡ್ತೀನಿ” ಎಂದು ರಾಗವಾಗಿ ಕೂಗತೊಡಗಿದರು. ತಾಯಂದಿರು ಒಬ್ಬರನ್ನೊಬ್ಬರು ತಿವಿದುಕೊಂಡು ನಕ್ಕರು. ಒಬ್ಬರು ಬಂದು, “ನಮ್ಮನೇಲೂ ಇದೇ ಡೈಲಾಗು ಮೇಡಂ, ನನ್ನ ಮಗಳು ನನ್ನ ಮುಖಾನೇ ನೋಡ್ತಿದ್ದಾಳೆ” ಎಂದು ನನ್ನ ಕೈ ಹಿಡಿದುಕೊಂಡರು. ಗೆದ್ದವರ ದನಿ ಮಾತ್ರ ಮಧ್ಯಾಹ್ನದವರೆಗೂ ಒಮ್ಮೆಯೂ ಕೇಳಲಿಲ್ಲ. ಡ್ರಾಯಿಂಗ್ ಮಿಸ್ ಸ್ಪೀಕರಿನ ಪಕ್ಕದಲ್ಲೇ ಕಾಯುತ್ತಾ ನಿಂತಿದ್ದರು. “ನನ್ನ ವಾಯ್ಸ್ ಯಾರೂ ಕೇಳ್ಲೇ ಇಲ್ಲ ಮೇಡಂ” ಎಂದರು. ನಕ್ಕೇ ಹೇಳಿದರು, ಆದರೆ ಆ ನಗು ತುಟಿಯಿಂದ ಮೇಲೆ ಹೋಗಿರಲಿಲ್ಲ. ನನಗೆ ಅದು ಚೆನ್ನಾಗಿ ಪರಿಚಯವಿರುವ ನಗು. “ಅಯ್ಯೋ, ಪಾಪ” ಎಂದೆ. ಒಳಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಕೊನೆಗೆ ಅವರೇ ಆಡಲು ಕೂತರು. ನನ್ನ ಮಗಳು ಪಕ್ಕದಲ್ಲಿ ಕೈ ಕಟ್ಟಿ ನಿಂತು ಕಂಡಕ್ಟರಾದಳು. “ನಿಧಾನ ಮಿಸ್. ಆಟೋ ಹೋಗ್ಲಿ. ಪರ್ವಾಗಿಲ್ಲ ಮಿಸ್, ಇನ್ನೊಂದ್ಸಲ ಟ್ರೈ ಮಾಡಿ.” ಅವರು ಸೋತರು. ಮತ್ತೆ ಸೋತರು. ಪ್ರತಿ ಸಲವೂ ಅದೇ ಸಮಾಧಾನ, ಅದೇ ಮೆಲುದನಿ. ಈಗಷ್ಟೇ ಕುಡಿದ ಹಾಲು ಹುಳಿಯಾಯಿತು. ಇಷ್ಟು ತಾಳ್ಮೆ ಈ ಹುಡುಗಿಯಲ್ಲಿ ಎಲ್ಲಿತ್ತು? ನನಗೆ ಒಂದು ದಿನವಾದರೂ ಇದರಲ್ಲಿ ಒಂದು ಚಮಚ ಸಿಕ್ಕಿದೆಯೇ? ಡ್ರಾಯಿಂಗ್ ಮಿಸ್ ಎದ್ದರು. ಟ್ಯಾಂಕರಿನ ಹುಡುಗರು, “ಕಂಪ್ಯೂಟರ್ ಮಿಸ್ ಆಡ್ಬೇಕು, ಕಂಪ್ಯೂಟರ್ ಮಿಸ್” ಎಂದು ಗಲಾಟೆ ಎಬ್ಬಿಸಿ ನನ್ನನ್ನು ಎಳೆದು ತಂದು ಕೂರಿಸಿದರು.

ಮೌಸು ಹಿಡಿದೆ. ಮಗಳು ನನ್ನ ಪಕ್ಕದಲ್ಲಿ ನಿಂತಳು, ಕೈ ಕಟ್ಟಿಕೊಂಡೇ. “ಇರಿ ಮಿಸ್... ಬಸ್ಸು ಹೋಗ್ಲಿ... ಹಾಂ, ಈಗ.” ಅಜ್ಜಿ ಇಳಿದಳು. ಸ್ಕೂಟರು ಸುಯ್ಯೆಂದು ಮುಂದೆ ಹೋಯಿತು. ಹಸು ಹಿಂದೆ ಹೋಯಿತು. ರಸ್ತೆಯ ನಡುವಿನ ಗೆರೆಯವರೆಗೆ ಬಂದುಬಿಟ್ಟೆ. ಅಲ್ಲಿಯವರೆಗೆ ಅವತ್ತು ಯಾರೂ ಬಂದಿರಲಿಲ್ಲ. “ಬಲಕ್ಕೆ... ಬಲಕ್ಕೆ ಮಿಸ್... ಅದು ಎಡ! ಟ್ಯಾಂಕರ್! ಅಯ್ಯೋ...” ಬಿಗಿದಿದ್ದ ಅವಳ ಕೈ ಬಿಚ್ಚಿಕೊಂಡಿತು. ನನ್ನ ಕೈ ಮೇಲೆ ಬಂದು ಬಿತ್ತು.

“ಬಿಡು, ಕೊಡಮ್ಮಾ ಇಲ್ಲಿ, ನಾನೇ ಮಾಡ್ತೀನಿ!”

ಅದೇ ಕ್ಷಣಕ್ಕೆ ಟ್ಯಾಂಕರು ತಾಗಿ ಸ್ಪೀಕರೂ ಕೂಗಿತು. ಒಂದೇ ಮಾತು, ಒಂದೇ ಸಿಡುಕು, ಎರಡು ಗಂಟಲು. ಹಾಲಿನ ನಗು ಅಲೆಯಲೆಯಾಗಿ ಬಂತು. ಮುಖ್ಯೋಪಾಧ್ಯಾಯಿನಿ ಮೊದಲ ಸಾಲಿನಿಂದ ಕನ್ನಡಕದ ಮೇಲೆ ಕಣ್ಣೆತ್ತಿ ನಮ್ಮಿಬ್ಬರನ್ನೂ ನೋಡಿದರು. ಮಗಳಿಗೆ ಅದಾವುದೂ ಕಾಣುತ್ತಿರಲಿಲ್ಲ. ನನ್ನನ್ನು ಕುರ್ಚಿಯ ತುದಿಗೆ ತಳ್ಳಿ, ಉಳಿದರ್ಧದಲ್ಲಿ ತಾನು ಕೂತು, ಮೌಸು ಹಿಡಿದು ಅಜ್ಜಿಯನ್ನು ಮತ್ತೆ ಈಚೆ ದಡಕ್ಕೆ ತಂದು ನಿಲ್ಲಿಸಿದ್ದಳು. ಅವಳ ಭುಜ ನನ್ನ ಭುಜಕ್ಕೆ ಒತ್ತುತ್ತಿತ್ತು.

ನಾನು ಡ್ರಾಯಿಂಗ್ ಮಿಸ್ ಕಡೆ ನೋಡಿದೆ. ಅವರು ನಗುತ್ತಿರಲಿಲ್ಲ. ನನ್ನ ಮಗಳ ಕೈಯಲ್ಲಿದ್ದ ಮೌಸನ್ನೇ ನೋಡುತ್ತಿದ್ದರು. ಅವರು ಅಷ್ಟು ಸಲ ಸೋತಾಗಲೂ ಅವಳು ಅವರಿಂದ ಒಮ್ಮೆಯೂ ಅದನ್ನು ಕಿತ್ತುಕೊಂಡಿರಲಿಲ್ಲ.

ನಾನು ಎರಡೂ ಕೈ ಕಟ್ಟಿಕೊಂಡು ಕಂಡಕ್ಟರಾದೆ. “ಟ್ಯಾಂಕರ್ ಹೋಗ್ಲಿ ಕಣೇ, ಆಮೇಲೆ ಇಳಿ” ಎಂದೆ.

“ಗೊತ್ತಮ್ಮಾ, ನೀನು ಸುಮ್ನಿರು” ಎಂದಳು.